ಕೊನೆಯ ಸಾಲಿಗೆ ವ್ಯಂಜನ ಮುಟ್ಟಬೇಕು

ನಮ್ಮೂರಿನ ತಾಳಮದ್ದಳೆ ಸಂಘದವರು ಹೋದ ವರ್ಷ ಮನೆಮನೆಗೆ ಹೋಗಿ ಚಂದಾ ಎತ್ತಿ ಒಂದು ಟ್ರಾಲಿ ಸ್ಪೀಕರ್ ತಂದರು. ಎಳೆದುಕೊಂಡು ಹೋಗಲು ಎರಡು ಚಕ್ರ, ಮೈತುಂಬ ಮಿಣಮಿಣ ದೀಪ, ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ 4000 ವ್ಯಾಟ್. ಆ ಸಂಜೆ ದೇವಸ್ಥಾನದ ಅಂಗಳದಲ್ಲಿ ಕೃಷ್ಣಸಂಧಾನ ಪ್ರಸಂಗ. ಕೃಷ್ಣನ ಮಾತು ಆಡುವ ಅರ್ಥಧಾರಿ ಬಾಯಿ ತೆರೆದದ್ದೇ ತಡ, ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು. ಹಿಂದೆ ಕಂಬಕ್ಕೆ ಒರಗಿ ಕುಳಿತಿದ್ದ ಹಿರಿಯರು ಮಾತ್ರ "ಏನಂದ ಮಾರಾಯ?" ಎಂದು ಪಕ್ಕದವರನ್ನು ಕೇಳುತ್ತಲೇ ಇದ್ದರು. ಸದ್ದಿಗೇನೂ ಬರ ಇರಲಿಲ್ಲ, ಮಾತು ಮುಟ್ಟುತ್ತಿರಲಿಲ್ಲ.

ಸ್ಪೀಕರ್ ಆರಿಸುವವರಿಗೆ ತಾಳಮದ್ದಳೆಗಿಂತ ಕಠಿಣ ಪರೀಕ್ಷೆ ಬೇರೆ ಇಲ್ಲವೆಂದು ನನ್ನ ಎಣಿಕೆ. ಭಾಗವತರ ಪದ, ಮದ್ದಳೆಯ ನಾದ, ಎಲ್ಲವನ್ನೂ ಮೀರಿಸುವ ಚೆಂಡೆ, ಅವುಗಳ ನಡುವೆ ಗಂಟೆಗಟ್ಟಲೆ ಮಾತು. ಅರ್ಥದ ಒಂದು ಶಬ್ದ ತಪ್ಪಿಹೋದರೂ ಎದುರಾಳಿ ಕೊಟ್ಟ ಉತ್ತರದ ರುಚಿ ಕೆಡುತ್ತದೆ. ಇಲ್ಲಿ ಪಾಸಾದ ಸ್ಪೀಕರ್ ಹರಿಕಥೆಗೂ ಸುಗಮ ಸಂಗೀತಕ್ಕೂ ಶಾಲೆಯ ವಾರ್ಷಿಕೋತ್ಸವದ ಭಾಷಣಕ್ಕೂ ಧಾರಾಳವಾಗಿ ಸಾಕು.

ಮೊದಲು ಆ 4000 ವ್ಯಾಟನ್ನು ವಿಚಾರಿಸಿಕೊಳ್ಳೋಣ. ಪೆಟ್ಟಿಗೆಯೊಳಗಿದ್ದದ್ದು 12 ವೋಲ್ಟಿನ, 7 ಆಂಪಿಯರ್-ಅವರ್ ಬ್ಯಾಟರಿ. ಎರಡನ್ನೂ ಗುಣಿಸಿದರೆ 84 ವ್ಯಾಟ್-ಅವರ್. ಅದರಿಂದ ನಿಜವಾಗಿಯೂ 4000 ವ್ಯಾಟ್ ಹಿಂಡಿದರೆ 75 ಸೆಕೆಂಡಿಗೆ ಬ್ಯಾಟರಿ ಬರಿದಾಗಬೇಕು. ಕೃಷ್ಣ ಹಸ್ತಿನಾವತಿಯ ಬಾಗಿಲು ದಾಟುವಷ್ಟರಲ್ಲಿ ಸಂಧಾನ ಮುಗಿದಂತೆಯೇ. ಗೋಡೆಯ 5 ಆಂಪಿಯರ್ ಪ್ಲಗ್ಗಿಗೆ ಸಿಕ್ಕಿಸಿದರೂ 230 ವೋಲ್ಟಿನ ಲೆಕ್ಕದಲ್ಲಿ 1150 ವ್ಯಾಟಿಗಿಂತ ಹೆಚ್ಚು ಎಳೆಯುವಂತಿಲ್ಲ. ಹಾಗಾದರೆ 4000 ಎಲ್ಲಿಂದ ಬಂತು? ಅದು ಪಿಎಂಪಿಒ ಎಂಬ ಲೆಕ್ಕ. ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಒಂದು ಉಬ್ಬರ ಬಂದರೆ ಎಷ್ಟು ಎಂದು ತಯಾರಕರು ತಮಗೆ ತೋಚಿದಂತೆ ಬರೆದುಕೊಳ್ಳುವ ಅಂಕಿ. ಅದಕ್ಕೆ ಒಪ್ಪಿತವಾದ ಅಳತೆಗೋಲೇ ಇಲ್ಲ. ನೋಡಬೇಕಾದದ್ದು ಆರ್‌ಎಂಎಸ್ ಅಥವಾ 'ಕಂಟಿನ್ಯೂಯಸ್' ಎಂದು ಬರೆದ ವ್ಯಾಟ್. ಅದು ಎಲ್ಲಿಯೂ ಬರೆದಿಲ್ಲವೆಂದರೆ ಆ ಸ್ಪೀಕರನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಆದರೆ ಆರ್‌ಎಂಎಸ್ ವ್ಯಾಟ್ ಕೂಡ ಅರ್ಧ ಕಥೆಯಷ್ಟೇ. ಸಾಮಾನ್ಯ ಕೋನ್ ಸ್ಪೀಕರಿಗೆ ಉಣಿಸಿದ ವಿದ್ಯುತ್ತಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ಸದ್ದಾಗುತ್ತದೆ. ಮಿಕ್ಕಿದ್ದೆಲ್ಲ ಒಳಗಿನ ತಂತಿಸುರುಳಿಯಾದ ವಾಯ್ಸ್ ಕಾಯಿಲನ್ನು ಕಾಯಿಸುತ್ತದೆ. ಯಾವ ಸ್ಪೀಕರ್ ಎಷ್ಟು ಸದ್ದು ಮಾಡುತ್ತದೆ ಎಂಬುದಕ್ಕೆ ಸೆನ್ಸಿಟಿವಿಟಿ ಎಂಬ ಅಳತೆ ಇದೆ: ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ನಿಂತರೆ ಎಷ್ಟು ಡೆಸಿಬೆಲ್ ಎಂದು. ಡೆಸಿಬೆಲ್ಲಿನ ಲೆಕ್ಕ ನಮ್ಮ ಅಂಗಡಿ ಲೆಕ್ಕದಂತಲ್ಲ. ವ್ಯಾಟ್ ಇಮ್ಮಡಿಯಾದರೆ ಏರುವುದು ಬರೀ 3 ಡೆಸಿಬೆಲ್. ಹತ್ತು ಪಟ್ಟಾದರೆ 10. ಆಗ ಕಿವಿಗೆ ಸುಮಾರು ಎರಡು ಪಟ್ಟು ಜೋರು ಎನ್ನಿಸುತ್ತದೆ. ಹೀಗಾಗಿ 95 ಡೆಸಿಬೆಲ್ ಸೆನ್ಸಿಟಿವಿಟಿಯ ಸ್ಪೀಕರ್ 100 ವ್ಯಾಟಿನಲ್ಲಿ ಮಾಡುವ ಕೆಲಸಕ್ಕೆ 89 ಡೆಸಿಬೆಲ್ಲಿನದಕ್ಕೆ 400 ವ್ಯಾಟ್ ಬೇಕು.

ಇನ್ನು ದೂರ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. 1 ಮೀಟರಿನಿಂದ 2, 4, 8, 16. ನಾಲ್ಕು ಮೆಟ್ಟಿಲು, 24 ಡೆಸಿಬೆಲ್. ನಮ್ಮ ಅಂಗಳದ ಕೊನೆಯ ಸಾಲು ಹೆಚ್ಚುಕಡಿಮೆ 16 ಮೀಟರಿನಲ್ಲಿದೆ. ಮೇಲಿನ 95ರ ಸ್ಪೀಕರಿಗೆ 100 ವ್ಯಾಟ್ ಕೊಟ್ಟರೆ ಬುಡದಲ್ಲಿ 115, ಕೊನೆಯ ಸಾಲಿನಲ್ಲಿ 91. ಮಾತಿನಲ್ಲಿ ಉಬ್ಬರಕ್ಕೂ ಸರಾಸರಿಗೂ 12 ಡೆಸಿಬೆಲ್ಲಿನಷ್ಟು ಅಂತರವಿರುವುದರಿಂದ ನಿಜವಾಗಿ ಮುಟ್ಟುವುದು 79ರ ಆಸುಪಾಸು. ಫ್ಯಾನು, ಮಕ್ಕಳು, ಪಾಕಶಾಲೆಯ ಪಾತ್ರೆಗಳ ಗದ್ದಲ ಎಲ್ಲ ಸೇರಿ 60 ಎಂದಿಟ್ಟುಕೊಳ್ಳಿ. ಗದ್ದಲಕ್ಕಿಂತ ಮಾತು 15 ಡೆಸಿಬೆಲ್ ಮೇಲಿದ್ದರೆ ಆಯಾಸವಿಲ್ಲದೆ ಕೇಳುತ್ತದೆ. ಅಂದರೆ ಇನ್ನೂರು ಮುನ್ನೂರು ಜನರ ಸಭೆಗೆ ಪ್ರಾಮಾಣಿಕವಾದ 100 ವ್ಯಾಟ್ ಸಾಕಾಯಿತು. ಆಂಪ್ಲಿಫೈಯರ್ ಒಳಗೇ ಇರುವ ಪವರ್ಡ್ ಸ್ಪೀಕರುಗಳ ವಿವರಪಟ್ಟಿಯಲ್ಲಿ ಸೆನ್ಸಿಟಿವಿಟಿಯ ಬದಲು 'ಮ್ಯಾಕ್ಸಿಮಮ್ ಎಸ್‌ಪಿಎಲ್', ಅಂದರೆ ಗರಿಷ್ಠ ಸದ್ದು, ಎಂದು ಕೊಟ್ಟಿರುತ್ತಾರೆ. ಅದರಿಂದಲೂ ಹೀಗೆಯೇ 24 ಮತ್ತು 12 ಕಳೆದು ನೋಡಿ. 120 ಎಂದಿದ್ದರೆ 84 ಉಳಿಯುತ್ತದೆ. ಕಂಪನಿಯ ಉತ್ಸಾಹಕ್ಕೆಂದು ಇನ್ನೂ ನಾಲ್ಕೈದು ಕಳೆದರೂ ನಷ್ಟವಿಲ್ಲ.

ಲೆಕ್ಕ ಇಷ್ಟು ಸಲೀಸಾಗಿದ್ದರೆ ನಮ್ಮ ಹಿರಿಯರಿಗೆ ಕೃಷ್ಣನ ಮಾತು ಯಾಕೆ ಕೇಳಲಿಲ್ಲ?

ಕಾಲು, ಪಾಲು, ಸಾಲು, ಹಾಲು. ಈ ನಾಲ್ಕನ್ನೂ ಬೇರೆ ಮಾಡುವುದು ಮೊದಲಿನ ವ್ಯಂಜನ ಮಾತ್ರ. ಮಾತಿನ ಬಲವೆಲ್ಲ ಇರುವುದು ಸ್ವರಗಳಲ್ಲಿ. 'ಆ' ಎಂಬುದರ ಶಕ್ತಿಯ ಬಹುಪಾಲು 1000 ಹರ್ಟ್ಜ್‌ಗಿಂತ ಕೆಳಗೆ. ಅರ್ಥ ಇರುವುದೋ ವ್ಯಂಜನಗಳಲ್ಲಿ, ಅದೂ 1000ದಿಂದ 4000 ಹರ್ಟ್ಜ್ ನಡುವೆ, 'ಸ'ಕಾರವಾದರೆ ಅದಕ್ಕಿಂತಲೂ ಮೇಲೆ. ಅವುಗಳಲ್ಲಿ ಬಲ ತೀರಾ ಕಡಿಮೆ. ವ್ಯಂಜನ ಸತ್ತುಹೋದರೆ ನಾಲ್ಕೂ ಶಬ್ದ 'ಆಲು' ಆಗಿ ಬರುತ್ತವೆ. ಟೆಲಿಫೋನು 300ರಿಂದ 3400 ಹರ್ಟ್ಜ್ ಮಾತ್ರ ಸಾಗಿಸಿ ಶತಮಾನಕಾಲ ನಮ್ಮೆಲ್ಲರ ಸಂಸಾರ ನಡೆಸಿದ್ದು ಇದೇ ಕಾರಣಕ್ಕೆ. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಹಾರ್ವೆ ಫ್ಲೆಚರ್ ಮತ್ತು ಸಂಗಡಿಗರು ಫೋನಿನ ಸ್ಪಷ್ಟತೆ ಅಳೆಯಲು ಒಬ್ಬನಿಂದ ಅರ್ಥವಿಲ್ಲದ ಅಕ್ಷರಜೋಡಿಗಳನ್ನು ಓದಿಸಿ, ಇನ್ನೊಬ್ಬನಿಂದ ಕೇಳಿದಂತೆ ಬರೆಸಿ, ಎಷ್ಟು ಸರಿ ಎಂದು ಎಣಿಸುತ್ತಿದ್ದರು. ಅದಕ್ಕಿಂತ ಒಳ್ಳೆಯ ಪರೀಕ್ಷೆ ನಮಗೂ ಇಲ್ಲ.

ಇದರ ಮೇಲೆ ವಯಸ್ಸಿನ ಸಂಗತಿಯೂ ಸೇರಿಕೊಳ್ಳುತ್ತದೆ. ಪ್ರಾಯ ಸಂದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಆವರ್ತನಗಳನ್ನೇ. ತಾಳಮದ್ದಳೆಯ ಶ್ರೋತೃಗಳಲ್ಲಿ ತಲೆ ನರೆತವರೇ ಹೆಚ್ಚು. ಅವರಿಗಾಗಿ ವಾಲ್ಯೂಮ್ ಏರಿಸಿದರೆ ಸ್ವರ ಗುಡುಗುತ್ತದೆ, ವ್ಯಂಜನ ಇದ್ದಲ್ಲೇ ಇರುತ್ತದೆ.

ಟ್ರಾಲಿ ಸ್ಪೀಕರಿನ ದೊಡ್ಡ ಪಾಪ ಅದು ನೆಲದ ಮೇಲೆ ಕೂರುವುದು. 100 ಹರ್ಟ್ಜ್‌ನ ಅಲೆಯ ಉದ್ದ ಮೂರೂವರೆ ಮೀಟರಿನ ಹತ್ತಿರ. ಜನರನ್ನು ಬಳಸಿಕೊಂಡು ಹಿಂದೆ ಹೋಗುತ್ತದೆ. 3400 ಹರ್ಟ್ಜ್‌ನದು ಒಂದು ಗೇಣಿನ ಅರ್ಧ. ಅದು ಮುಂದಿನ ಸಾಲಿನವರ ಮೈಗೆ, ಸೀರೆಗೆ, ಕುರ್ಚಿಗೆ ಬಡಿದು ಅಲ್ಲಿಗೇ ಮುಗಿಯುತ್ತದೆ. ಧಿಂ ಧಿಂ ಹಿಂದಕ್ಕೆ ಹೋಗಿ ಮಾತು ಮುಂದೆಯೇ ಉಳಿಯುವುದು ಹೀಗೆ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕುಳಿತವರ ತಲೆಗಿಂತ ಎತ್ತರಕ್ಕೆ ಏರಿಸಿ, ಮೂತಿಯನ್ನು ಕೊನೆಯ ಸಾಲಿನ ಕಡೆಗೆ ಮಾಡಿ. ಮುಂದಿನವರ ಕಿವಿಯೂ ಉಳಿಯುತ್ತದೆ, ಹಿಂದಿನವರಿಗೆ ಮಾತೂ ಮುಟ್ಟುತ್ತದೆ. ಆದ್ದರಿಂದ ಕೊಳ್ಳುವ ಮುನ್ನ ಪೆಟ್ಟಿಗೆಯನ್ನು ಬೋರಲು ಹಾಕಿ ತಳ ನೋಡಿ. ಸ್ಟ್ಯಾಂಡಿನ ಕೊಳವೆ ಕೂರುವ 35 ಮಿಲಿಮೀಟರಿನ ತೂತು ಅಲ್ಲಿರಬೇಕು. ಇಲ್ಲವೆಂದರೆ ಅದು ಪಾರ್ಟಿಗೆ ಮಾಡಿದ ಸ್ಪೀಕರ್, ಸಭೆಗೆ ಮಾಡಿದ್ದಲ್ಲ.

ಗಾತ್ರದಲ್ಲೂ ಒಂದು ಭ್ರಮೆಯಿದೆ. 15 ಇಂಚಿನ ಕೋನು ಎದೆ ನಡುಗಿಸುತ್ತದೆ, ನಿಜ. ಆದರೆ ಅಲೆಯ ಉದ್ದ ಕೋನಿನ ಅಗಲಕ್ಕಿಂತ ಕಿರಿದಾಗುತ್ತ ಹೋದಂತೆ ಸದ್ದು ಹರಡಿಕೊಳ್ಳದೆ ಟಾರ್ಚಿನ ಬೆಳಕಿನಂತೆ ನೇರಕ್ಕೆ ನುಗ್ಗುತ್ತದೆ. 15 ಇಂಚಿಗೆ ಇದು 900 ಹರ್ಟ್ಜ್ ಸುಮಾರಿಗೇ ಶುರು. 8 ಇಂಚಿಗೆ 1700ರ ತನಕ ತಡೆಯುತ್ತದೆ. ಅಗ್ಗದ 15 ಇಂಚಿನ ಪೆಟ್ಟಿಗೆಯಲ್ಲಿ ಬದಿಗೆ ಕುಳಿತವರಿಗೆ ಮಾತು ಮಂಕಾಗುವುದು ಈ ಕಾರಣಕ್ಕೆ. ಒಳ್ಳೆಯ 10 ಇಂಚಿನ ಕೋನು, ಮೇಲೆ ಕಹಳೆಯಾಕಾರದ ಬಾಯಿಯಿರುವ ಕಂಪ್ರೆಷನ್ ಡ್ರೈವರ್: ಮಾತಿಗೂ ಮದ್ದಳೆಗೂ ಇದು ಹದವಾದ ಜೋಡಿ.

ಕಹಳೆಯ ಮಹಿಮೆ ಹಳೆಯದು. 1919ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ಸ್ಯಾನ್ ಡಿಯಾಗೋದ ಕ್ರೀಡಾಂಗಣದಲ್ಲಿ ಸುಮಾರು 50 ಸಾವಿರ ಮಂದಿಗೆ ಭಾಷಣ ಮಾಡಿದ್ದು ಪೀಟರ್ ಜೆನ್ಸೆನ್ ಮತ್ತು ಎಡ್ವಿನ್ ಪ್ರಿಡ್‌ಹ್ಯಾಮ್ ಕಟ್ಟಿದ ಮ್ಯಾಗ್ನಾವಾಕ್ಸ್ ಧ್ವನಿವರ್ಧಕದಲ್ಲಿ. ಆಗಿನ ಆಂಪ್ಲಿಫೈಯರಿನ ಶಕ್ತಿ ಇಂದಿನ ಲೆಕ್ಕದಲ್ಲಿ ಅತ್ಯಲ್ಪ. ಭಾರ ಹೊತ್ತದ್ದು ಕಹಳೆ. ನಮ್ಮ ಜಾತ್ರೆಗಳ ಬೂದುಬಣ್ಣದ ಹಾರ್ನ್ ಸ್ಪೀಕರು ಅದರ ಮೊಮ್ಮಗ. ಒಂದೇ ವ್ಯಾಟಿಗೆ 105 ಡೆಸಿಬೆಲ್ ದಾಟಿಸುವ ಗಟ್ಟಿಗ. ಪ್ರಕಟಣೆಗೆ ಇಂದಿಗೂ ಅದೇ ಸೈ. ಆದರೆ ಕೆಳಗಿನ ಆವರ್ತನಗಳು ಅದರ ಬಾಯಿಗೆ ಬರುವುದಿಲ್ಲ. ಮದ್ದಳೆಯನ್ನು ಅದರಲ್ಲಿ ಕೇಳಿದರೆ ಡಬ್ಬಿ ಬಡಿದಂತೆ.

ಕುಂಯ್ ಎಂಬ ಕಿರುಚಾಟವನ್ನು ಅರಿಯದವರಿಲ್ಲ. ಸ್ಪೀಕರಿನ ಸದ್ದು ಮೈಕಿಗೆ ಹೊಕ್ಕು, ಹಿಗ್ಗಿ, ಮತ್ತೆ ಸ್ಪೀಕರಿನಿಂದ ಹೊರಬಂದು ಮೈಕಿಗೇ ಮರಳುವ ಸುತ್ತು ಅದು. ಡೆನ್ಮಾರ್ಕಿನ ಭೌತವಿಜ್ಞಾನಿ ಸೋರೆನ್ ಲಾರ್ಸೆನ್ ಹೆಸರಿನಲ್ಲಿ ಅದನ್ನು ಲಾರ್ಸೆನ್ ಪರಿಣಾಮ ಎನ್ನುತ್ತಾರೆ. ಇದಕ್ಕೆ ಸ್ಪೀಕರನ್ನು ಬೈದು ಫಲವಿಲ್ಲ. ಬಾಯಿಗೂ ಮೈಕಿಗೂ ಎರಡಡಿ ಅಂತರವಿಟ್ಟು ಕೂರುವ ಅರ್ಥಧಾರಿ ಅದನ್ನು ಅರ್ಧ ಅಡಿಗೆ ತಂದರೆ 12 ಡೆಸಿಬೆಲ್ ಪುಕ್ಕಟೆ ಸಿಗುತ್ತದೆ. ವ್ಯಾಟಿನಲ್ಲಿ ಅದೇ ಲಾಭಕ್ಕೆ ಹದಿನಾರು ಪಟ್ಟು ಶಕ್ತಿ ಬೇಕು. ತೆರೆದಿರುವ ಮೈಕುಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ, ಕಿರುಚದೆ ಏರಿಸಬಹುದಾದ ಸದ್ದಿನಲ್ಲಿ 3 ಡೆಸಿಬೆಲ್ ಕೈಬಿಡುತ್ತದೆ. ಹಾಗಾಗಿ ಐವರು ಅರ್ಥಧಾರಿಗಳಿಗೆ ಐದು ಮೈಕು ಬೇಡ, ಎರಡು ಇಟ್ಟು ಹಂಚಿಕೊಳ್ಳಲಿ. ಚೆಂಡೆಗಂತೂ ಮೈಕೇ ಬೇಡ. ಭಾಗವತರ ಮೈಕಿನೊಳಗೆ ಅದು ಹೇಗೂ ನುಗ್ಗುತ್ತದೆ. ಸ್ಪೀಕರುಗಳು ಮೈಕಿಗಿಂತ ಮುಂದೆ, ಜನರತ್ತ ಮುಖಮಾಡಿ ಇರಲಿ. ಎದುರಿನದನ್ನು ಹೆಚ್ಚು, ಹಿಂದಿನದನ್ನು ಕಡಿಮೆ ಕೇಳಿಸಿಕೊಳ್ಳುವ ಕಾರ್ಡಿಯಾಯ್ಡ್ ಮೈಕೇ ಇರಲಿ. ಅದರ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದರೆ ಆ ಗುಣ ಕೆಟ್ಟು ಕಿರುಚತೊಡಗುತ್ತದೆ. ಸಿನಿಮಾದಲ್ಲಿ ಹಾಗೆ ಹಿಡಿದವರನ್ನು ಕಂಡು ಕಲಿತ ಗಾಯಕರಿಗೆ ಇದನ್ನು ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಪೋರ್ಟಬಲ್ ಎಂಬ ಮಾತಿಗೆ ಈಗ ಅರ್ಥ ಬಂದಿರುವುದು ಕ್ಲಾಸ್-ಡಿ ಆಂಪ್ಲಿಫೈಯರಿನಿಂದ. ಸೆಕೆಂಡಿಗೆ ಲಕ್ಷಾಂತರ ಸಲ ಸ್ವಿಚ್ಚಿನಂತೆ ತೆರೆದು ಮುಚ್ಚುವ ಇದರಲ್ಲಿ ನೂರಕ್ಕೆ 90ರಷ್ಟು ವಿದ್ಯುತ್ ಸ್ಪೀಕರಿಗೆ ಮುಟ್ಟುತ್ತದೆ. ಹಳೆಯ ಬಗೆಯಲ್ಲಿ ಅರ್ಧಕ್ಕರ್ಧ ಬಿಸಿಯಾಗಿ ಹೋಗುತ್ತಿತ್ತು. ಅದನ್ನು ತಣಿಸುವ ಲೋಹ, ಟ್ರಾನ್ಸ್‌ಫಾರ್ಮರಿನ ಭಾರ ಬೇರೆ. ಬ್ಯಾಟರಿಯದ್ದು ಬೇಕಿದ್ದರೆ ಲಿಥಿಯಂ ಇರುವುದನ್ನೇ ಕೇಳಿ. ಲೆಡ್ ಆಸಿಡ್ ಬ್ಯಾಟರಿಯನ್ನು ಪೂರ್ತಿ ಬರಿದುಮಾಡಿ ಮುಂದಿನ ಹಬ್ಬದ ತನಕ ಮೂಲೆಗೆ ಹಾಕಿದರೆ ಅದು ಮತ್ತೆ ಏಳುವುದಿಲ್ಲ. ಮತ್ತು ನಮ್ಮ ಸಂಘಗಳು ಮಾಡುವುದು ಅದನ್ನೇ. ಬ್ಲೂಟೂತ್ ಇದೆಯೆಂದು ಹಿಗ್ಗಬೇಡಿ. ಅದರಲ್ಲಿ ಸದ್ದು ಸೆಕೆಂಡಿನ ಹತ್ತನೇ ಒಂದು ಪಾಲಿಗಿಂತಲೂ ತಡವಾಗಿ ಬರುವುದುಂಟು. ಮೊಬೈಲಿನ ಶ್ರುತಿಗೆ ಅದು ಬಾಧಕವಲ್ಲ, ಶ್ರುತಿ ಒಂದೇ ಸಮ ಹರಿಯುವಂಥದ್ದು. ತಾಳಕ್ಕೆ ಮಾತ್ರ ಅದು ಬೇಡವೇ ಬೇಡ. ಮೈಕಿನಿಂದ ಮಿಕ್ಸರಿಗೆ ಹೋಗುವ ಉದ್ದದ ತಂತಿ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಆಗಿರಲಿ. ದಾರಿಯಲ್ಲಿ ಹತ್ತಿಕೊಳ್ಳುವ 50 ಹರ್ಟ್ಜ್‌ನ ಗುಂಯ್‌ಗುಡುವಿಕೆ ಅದರಲ್ಲಿ ತಾನೇ ರದ್ದಾಗುತ್ತದೆ. ಆ ಸದ್ದು ಹೋಗಲೆಂದು ಪ್ಲಗ್ಗಿನ ಉದ್ದದ ಅರ್ತ್ ಪಿನ್ನು ಮುರಿಯುವ ಜಾಣರಿದ್ದಾರೆ. ಮಳೆಗೆ ನೆನೆದ ಅಂಗಳ, ಕೈಯಲ್ಲಿ ಲೋಹದ ಮೈಕು: ದಯವಿಟ್ಟು ಬೇಡ.

ಕಲ್ಲಿನ ಮಂಟಪ, ಟೈಲ್ಸ್ ಹಾಸಿದ ಸಮುದಾಯ ಭವನಗಳ ಒಳಗೆ ಮೇಲಿನ 6 ಡೆಸಿಬೆಲ್ ಲೆಕ್ಕ ನಡೆಯದು. ಅಲ್ಲಿ ಸದ್ದು ಇಳಿಯುವುದೇ ಇಲ್ಲ, ಗೋಡೆಯಿಂದ ಗೋಡೆಗೆ ಹೊರಳಾಡಿ ಹಿಂದಿನ ಅಕ್ಷರ ಮುಂದಿನದರ ಮೇಲೆ ಬೀಳುತ್ತದೆ. ಅಂಥ ಕಡೆ ವಾಲ್ಯೂಮ್ ಇಳಿಸಿ, ಸ್ಪೀಕರನ್ನು ಜನರ ಹತ್ತಿರ ತನ್ನಿ. ಕಂಬದಂತೆ ಉದ್ದನೆಯ ಕಾಲಂ ಸ್ಪೀಕರು ಸೂರಿಗೂ ನೆಲಕ್ಕೂ ಕಡಿಮೆ ಎರಚುವುದರಿಂದ ಭವನಗಳಿಗೆ ಅದೇ ಲೇಸು.

ಕಾನೂನಿನ ಮಾತೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ಬಯಲಿನಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಹಚ್ಚುವಂತಿಲ್ಲ. ಸಭೆಯ ಜಾಗದ ಎಲ್ಲೆಯಲ್ಲಿ ಅದರ ಸದ್ದು 75 ಡೆಸಿಬೆಲ್ ಮೀರಕೂಡದು; ಮನೆಗಳಿರುವ ಕಡೆ ಮಿತಿ ಇನ್ನೂ ಬಿಗಿ. ಕರಾವಳಿಯ ಕೆಲವು ಯಕ್ಷಗಾನ ಮೇಳಗಳು ಇರುಳಿಡೀ ಆಟ ಬಿಟ್ಟು ಕಾಲಮಿತಿಗೆ ಬಂದದ್ದರ ಹಿಂದೆ ಈ ನಿಯಮವೂ ಇದೆ.

ಸಂಘದವರು ಈಗ ಹೊಸದಕ್ಕೆ ಹೊರಟಿದ್ದಾರೆ. ನಾನು ಬರೆದುಕೊಟ್ಟ ಚೀಟಿಯಲ್ಲಿ 10 ಇಂಚಿನ ಪವರ್ಡ್ ಸ್ಪೀಕರ್ ಎರಡು, ಸ್ಟ್ಯಾಂಡ್ ಎರಡು, ಆರು ಚಾನೆಲ್ಲಿನ ಮಿಕ್ಸರ್ ಒಂದು, ಉಳಿದ ದುಡ್ಡೆಲ್ಲ ಮೈಕಿಗೆ ಎಂದಿದೆ. ನೀವೂ ಕೊಳ್ಳುವವರಾದರೆ ಹಾಡು ತುಂಬಿದ ಪೆನ್‌ಡ್ರೈವನ್ನು ಮನೆಯಲ್ಲೇ ಬಿಡಿ. ಅಂದಿನ ಪೇಪರನ್ನೂ ಕಿವಿ ಕೊಂಚ ಮಂದವಾದ ಹಿರಿಯರೊಬ್ಬರನ್ನೂ ಅಂಗಡಿಗೆ ಕರೆದುಕೊಂಡು ಹೋಗಿ. ಅವರನ್ನು ರಸ್ತೆಯ ಆಚೆ ಬದಿಗೆ ನಿಲ್ಲಿಸಿ, ಮೈಕಿನಲ್ಲಿ ಪೇಪರು ಓದಿ, ಏನು ಕೇಳಿತೆಂದು ವಿಚಾರಿಸಿ. ಅವರು ಹೂಂ ಎಂದ ಸ್ಪೀಕರಿಗೆ ದುಡ್ಡು ಕೊಡಿ.