ಪೊಟೊಮ್ಯಾಕ್ ಹೊಳೆಯಲ್ಲಿ ಗಾಳ ಹಾಕಿದ ದಿನ

ಹಿಡಿದ ಮೀನನ್ನು ಮರಳಿ ಹೊಳೆಗೇ ಬಿಡುವುದಕ್ಕಾಗಿ ಗಾಳ ಹಾಕುವವರೂ ಉಂಟೆಂದರೆ ನಮ್ಮ ಕರಾವಳಿಯ ಜನ ನಗದೆ ಇರಲಾರರು. ಕಳೆದ ವರ್ಷ ಮೇ ತಿಂಗಳ ಕೊನೆಯಲ್ಲಿ, ಅಮೆರಿಕೆಯ ಪೊಟೊಮ್ಯಾಕ್ ನದಿಯ ದಡದಲ್ಲಿ ನಿಂತು ನಾನೂ ನಕ್ಕೆನು.

ಕರೆದೊಯ್ದವನು ಹಳೆಯ ಗೆಳೆಯ. ಮುಂಬಯಿಯ ಹೋಟೆಲೊಂದರಲ್ಲಿ ಹಗಲೆಲ್ಲ ದುಡಿದು, ಸಂಜೆ ನನ್ನೊಡನೆ ಕನ್ನಡ ರಾತ್ರಿ ಶಾಲೆಯ ಬೆಂಚಿನಲ್ಲಿ ತೂಕಡಿಸಿದವನು. ಈಗ ಮೇರಿಲ್ಯಾಂಡಿನ ನಿವಾಸಿ. ಅವನ ಇಬ್ಬರು ಅಮೆರಿಕನ್ ಮಿತ್ರರೂ ಜೊತೆಗಿದ್ದರು. ಶೆನಾಂಡೋವಾ ನದಿಯು ಪೊಟೊಮ್ಯಾಕನ್ನು ಕೂಡುವ ಹಾರ್ಪರ್ಸ್ ಫೆರಿಗಿಂತ ತುಸು ಮೇಲೆ, ಬಂಡೆಗಳ ನಡುವೆ, ತೊಡೆಮಟ್ಟದ ನೀರಿನಲ್ಲಿ ನಾವು ನಾಲ್ವರೂ ಇಳಿದೆವು.

ಈ ಬಗೆಯ ಬೇಟೆಯಲ್ಲಿ ಎರೆಹುಳುವಿಗೆ ಕೆಲಸವಿಲ್ಲ. ಕೊಕ್ಕೆಗೆ ಗರಿ, ರೋಮ, ನೂಲು ಸುತ್ತಿ ನೊಣವನ್ನೋ ಮರಿಮೀನನ್ನೋ ಹೋಲುವಂತೆ ಮಾಡುತ್ತಾರೆ. ಅದಕ್ಕೆ ತೂಕವೇ ಇಲ್ಲವಾದುದರಿಂದ ಎಸೆಯಬೇಕಾದುದು ಅದನ್ನಲ್ಲ, ದಪ್ಪನೆಯ ದಾರವನ್ನು. ಒಂಬತ್ತಡಿಯ ಬಳುಕುವ ಕೋಲನ್ನು ಹಿಂದಕ್ಕೆ ಬೀಸಿ, ದಾರವು ಬೆನ್ನ ಹಿಂದೆ ನೇರವಾಗುವ ತನಕ ಕ್ಷಣಕಾಲ ತಡೆದು, ಆಮೇಲೆ ಮುಂದಕ್ಕೆ ಬೀಸಬೇಕು. ಆ ತಡೆಯುವುದೇ ನನಗೆ ಬಾರದು. ಮೊದಲ ಅರ್ಧ ಗಂಟೆಯಲ್ಲಿ ನಾನು ಹಿಡಿದುದು ಒಂದು ಮರದ ಕೊಂಬೆ ಮತ್ತು ನನ್ನದೇ ಟೋಪಿ.

ನಾವು ಅರಸಿ ಹೋದುದು ಸ್ಮಾಲ್‌ಮೌತ್ ಬಾಸ್ ಎಂಬ ಮೀನು. ಕಂಚಿನ ಮೈ, ಕೆಂಪು ಕಣ್ಣು. ಗಾತ್ರಕ್ಕೆ ಮೀರಿದ ಸೆಣಸಾಟ. ಆದರೆ ಪೊಟೊಮ್ಯಾಕ್ ಇದರ ತವರಲ್ಲ. 1854ರಲ್ಲಿ ಶ್ರೈವರ್ ಎಂಬವರು ಒಹಾಯೋ ಸೀಮೆಯ ವ್ಹೀಲಿಂಗ್ ತೊರೆಯಿಂದ ಕೆಲವು ಮೀನುಗಳನ್ನು ಹಿಡಿಸಿ, ರೈಲಿನ ಉಗಿ ಎಂಜಿನ್ನಿನ ನೀರಿನ ತೊಟ್ಟಿಯಲ್ಲಿಟ್ಟು, ಪರ್ವತ ದಾಟಿಸಿ, ಕಂಬರ್‌ಲ್ಯಾಂಡಿನ ಕಾಲುವೆಗೆ ಬಿಟ್ಟರು. ಅಲ್ಲಿಂದ ಅವು ನದಿಗಿಳಿದು ವಂಶ ಬೆಳೆಸಿದವು. ಟಿಕೇಟಿಲ್ಲದೆ ರೈಲೇರಿ ಬಂದು ಊರಿನವೇ ಆಗಿಬಿಟ್ಟವು! ಪಶ್ಚಿಮದ ನದಿಗಳಿಗೆ ಹೀಗೆಯೇ ಹೋದ ಬಾಸುಗಳು ಅಲ್ಲಿನ ಸಾಲ್ಮನ್ ಮರಿಗಳನ್ನು ತಿನ್ನುತ್ತಿರುವುದೂ ಸುಳ್ಳಲ್ಲ.

ದಡದ ಹತ್ತಿರ ಗೂಡುಗಳಿರುತ್ತವೆ, ಅತ್ತ ಎಸೆಯಬೇಡವೆಂದು ಮೊದಲೇ ಹೇಳಿದ್ದರು. ನನ್ನ ದಾರ ಹೇಳಿದಲ್ಲಿ ಬೀಳುತ್ತಿರಲಿಲ್ಲ. ಒಮ್ಮೆ ಮಂದ ನೀರಿನಲ್ಲಿ ಬಿದ್ದದ್ದೇ ತಡ, ಕೋಲು ಬಿಲ್ಲಿನಂತೆ ಬಾಗಿತು. ಮೀನು ಎರಡು ಸಲ ನೀರಿನಿಂದ ಚಿಮ್ಮಿತು. ಒಂದಡಿಗೆ ಮೀರಿದ ಮೀನು! ಎತ್ತಿ ಹಿಡಿದು, ಫೋಟೋ ತೆಗೆಯೆಂದು ಗೆಳೆಯನನ್ನು ಕೂಗಿದೆ.

"ಫೋಟೋ ಹಾಳಾಗಲಿ, ಮೊದಲು ಬಿಡು ಮಾರಾಯ! ಅಲ್ಲಿ ನೋಡು."

ನೀರಿನಡಿಯಲ್ಲಿ ತೊಳೆದಿಟ್ಟ ಹರಿವಾಣದಂತೆ ಬೆಣಚುಕಲ್ಲುಗಳ ಒಂದು ವೃತ್ತ. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಗಂಡೇ ಉಳಿದು, ರೆಕ್ಕೆಯಿಂದ ನೀರು ಬೀಸುತ್ತ ಮೊಟ್ಟೆಗಳನ್ನು ಕಾಯುತ್ತದೆ, ಮರಿಗಳು ಹೊರಬಂದ ಮೇಲೂ ಕಾವಲು ಬಿಡುವುದಿಲ್ಲ. ನನ್ನ ಕೈಯಲ್ಲಿದ್ದುದು ಆ ಕಾವಲುಗಾರ. ಆಗಲೇ ಐದಾರು ಪುಡಿಮೀನುಗಳು ವೃತ್ತದೊಳಗೆ ಬಾಯಿ ಹಾಕಿದ್ದವು.

ಕೈ ನಡುಗಿ ಕೊಕ್ಕೆ ಬಿಡಿಸಲಾಗಲಿಲ್ಲ. ಗೆಳೆಯನೇ ಬಂದು ಬಿಡಿಸಿದ. ಮೀನು ನನ್ನ ಅಂಗೈಗಳ ನಡುವೆ ನೀರಿನಲ್ಲಿ ಎರಡು ಉಸಿರಿನಷ್ಟು ಹೊತ್ತು ನಿಂತು, ನೇರವಾಗಿ ವೃತ್ತಕ್ಕೆ ನುಗ್ಗಿತು. ಪುಡಿಮೀನುಗಳು ಚೆದುರಿದವು. ಎಷ್ಟು ಮೊಟ್ಟೆಗಳು ಉಳಿದವೋ ತಿಳಿಯದು. ನಾವು ಸದ್ದಿಲ್ಲದೆ ನಡುಹೊಳೆಗೆ ಸರಿದೆವು.

ಮಧ್ಯಾಹ್ನ ಬಂಡೆಯ ಮೇಲೆ ಕುಳಿತು ಅವಲಕ್ಕಿ ತಿನ್ನುವಾಗ ಲೆಕ್ಕ ಹಾಕಿದರು. ಅವರು ಮೂವರದು ಹನ್ನೊಂದು, ನನ್ನದು ಒಂದು. ಆ ಒಂದರ ಫೋಟೋ ನನ್ನಲ್ಲಿಲ್ಲ.