ಕೆನ್ನೆಯಲ್ಲಿ ಬರೆದವರು

ಸ್ನಾಯುಗಳನ್ನು ಸೋಲಿಸುವ ಎಎಲ್‌ಎಸ್ ಕಾಯಿಲೆಯಿದ್ದ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ 1985ರಲ್ಲಿ ಜಿನೀವಾಕ್ಕೆ ಹೋಗಿದ್ದಾಗ ಅವರಿಗೆ ನ್ಯುಮೋನಿಯಾ ಬಂತು. ಜೀವ ಉಳಿಸಲು ಗಂಟಲಿಗೆ ರಂಧ್ರ ಮಾಡಬೇಕಾಯಿತು, ಅಳಿದುಳಿದಿದ್ದ ಮಾತೂ ಹೋಯಿತು. ಆಮೇಲೆ ಅಕ್ಷರದ ಹಲಗೆಯೇ ಗತಿ. ಎದುರಿಗಿದ್ದವರು ಒಂದೊಂದೇ ಅಕ್ಷರ ತೋರಿಸಬೇಕು, ಬೇಕಾದ್ದು ಬಂದಾಗ ಹಾಕಿಂಗ್ ಹುಬ್ಬೇರಿಸಬೇಕು. ಭೌತವಿಜ್ಞಾನ ಹಾಗಿರಲಿ, ನೀರು ಕೇಳಲೂ ಇದೇ ದಾರಿ.

ಕ್ಯಾಲಿಫೋರ್ನಿಯಾದ ವಾಲ್ಟ್ ವೋಲ್ಟೋಸ್ ಎಎಲ್‌ಎಸ್ ಕಾಯಿಲೆಯೇ ಇದ್ದ ತಮ್ಮ ಅತ್ತೆಗಾಗಿ 'ಈಕ್ವಲೈಜರ್' ಎಂಬ ತಂತ್ರಾಂಶ ಬರೆದಿದ್ದರು. ಅದು ಹಾಕಿಂಗ್ ಕೈಸೇರಿತು. ಪರದೆಯ ಮೇಲೆ ಕರ್ಸರ್ ತಾನಾಗಿಯೇ ಸರಿಯುತ್ತಾ ಹೋಗುತ್ತದೆ, ಬೇಕಾದಲ್ಲಿಗೆ ಬಂದಾಗ ಗುಂಡಿ ಒತ್ತಿದರಾಯಿತು. ನಿಮಿಷಕ್ಕೆ ಸುಮಾರು 15 ಪದ. 2008ರ ಹೊತ್ತಿಗೆ ಬೆರಳೂ ಸೋತಾಗ, ಕನ್ನಡಕಕ್ಕೆ ಸಿಕ್ಕಿಸಿದ ಅತಿಗೆಂಪು ಸೆನ್ಸರ್ ಕೆನ್ನೆಯ ಅಲುಗಾಟವನ್ನೇ ಗುಂಡಿಯ ಒತ್ತಾಗಿ ತಿಳಿಯತೊಡಗಿತು. 2011ರ ವೇಳೆಗೆ ಕೆನ್ನೆಯೂ ದಣಿದು, ನಿಮಿಷಕ್ಕೆ ಒಂದೆರಡು ಪದಕ್ಕೆ ಇಳಿಯಿತು.

ನೆರವಿಗೆ ಬಂದ ಚಿಪ್ ಕಂಪನಿ ಇಂಟೆಲ್‌ನ ತಂಡ ಮೊದಲು ಹೊಸ ಯಂತ್ರಗಳ ಹಿಂದೆ ಬಿತ್ತು. ನೋಟ ಹಿಡಿಯುವ ಕ್ಯಾಮೆರಾಕ್ಕೆ ಜೋಲುವ ರೆಪ್ಪೆ ಅಡ್ಡ ಬಂತು. ತಲೆಗೆ ತೊಡಿಸಿದ, ಮಿದುಳಿನ ಅಲೆ ಹಿಡಿಯುವ ಟೋಪಿಗೆ ಸಾಕಷ್ಟು ಸಂಕೇತ ಸಿಗಲಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಊಹೆ. ಸ್ವಿಫ್ಟ್‌ಕೀ ಕಂಪನಿಯ ಪದ ಊಹಿಸುವ ತಂತ್ರಾಂಶಕ್ಕೆ ಹಾಕಿಂಗ್ ಅವರದೇ ಬರಹಗಳನ್ನು ಉಣಿಸಿದರು. 'ಬ್ಲ್ಯಾಕ್' ಆರಿಸಿದೊಡನೆ 'ಹೋಲ್' ತಾನೇ ಮುಂದೆ ಬಂದು ನಿಲ್ಲುತ್ತಿತ್ತು! ಕೆನ್ನೆಗೆ ಅಷ್ಟು ಶ್ರಮ ಉಳಿಯಿತು.

ಹೆಚ್ಚು ಸಂಭವವಿರುವುದನ್ನು ಮುಂದಿಡುವ ಈ ಉಪಾಯ ಹೊಸದಲ್ಲ. 1995ರ ಡಿಸೆಂಬರಿನಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ಫ್ರೆಂಚ್ ಪತ್ರಕರ್ತ ಝಾನ್-ಡೊಮಿನಿಕ್ ಬೊಬಿ ಅವರ ಬಳಿ ಕಂಪ್ಯೂಟರೇ ಇರಲಿಲ್ಲ. ಸಹಾಯಕಿ ಕ್ಲೋದ್ ಮಾಂದಿಬಿಲ್ ಅಕ್ಷರಮಾಲೆಯನ್ನು ಓದುತ್ತಿದ್ದರು. ಶಾಲೆಯ ಕ್ರಮದಲ್ಲಿ ಅಲ್ಲ, ಫ್ರೆಂಚಿನಲ್ಲಿ ಹೆಚ್ಚು ಬಳಕೆಯಾಗುವ ಕ್ರಮದಲ್ಲಿ: ಇ, ಎಸ್, ಎ, ಆರ್... ಬೇಕಾದ ಅಕ್ಷರ ಬಂದಾಗ ಬೊಬಿ ಎಡಗಣ್ಣು ಮಿಟುಕಿಸುತ್ತಿದ್ದರು. ಹೀಗೆಯೇ ಬರೆಸಿದ ಪುಸ್ತಕ 1997ರಲ್ಲಿ ಹೊರಬಂತು. ಕನ್ನಡದಲ್ಲಾದರೆ ಕಾಗುಣಿತ, ಒತ್ತಕ್ಷರ ಎರಡೂ ಸೇರಿ ಸಾಲು ಇನ್ನೂ ಉದ್ದವಾಗುತ್ತದೆ. ಇಲ್ಲಿ ಊಹೆಯ ಅಗತ್ಯ ಹೆಚ್ಚೇ ಎನ್ನಬೇಕು.

ಹಾಕಿಂಗ್ ಮಾತ್ರ ಹೊಸದಕ್ಕೆ ಸುಲಭವಾಗಿ ಒಲಿಯುವವರಾಗಿರಲಿಲ್ಲ. ಪರದೆಯ ಹಳೆಯ ರೂಪವನ್ನು ಬಿಡಲು ಒಪ್ಪಲಿಲ್ಲ, ಅವರು ಬರೆದದ್ದನ್ನು ಓದಿ ಹೇಳುತ್ತಿದ್ದ ಯಂತ್ರದ ರೋಬೋನಂಥ ದನಿಯನ್ನೂ ಬಿಡಲಿಲ್ಲ. ತಂಡ ಅವರ ಅಭ್ಯಾಸಕ್ಕೆ ಹೊಂದುವಂತೆ ಹೊಸದನ್ನು ಒಳಗೆ ಸೇರಿಸಬೇಕಾಯಿತು. 2015ರಲ್ಲಿ ಇಂಟೆಲ್ ಹಾಕಿಂಗ್‌ಗಾಗಿ ತಾನು ರೂಪಿಸಿದ ತಂತ್ರಾಂಶದ ಮೂಲಸಂಕೇತವನ್ನು ಎಲ್ಲರಿಗೂ ಮುಕ್ತಗೊಳಿಸಿತು. ಅದಕ್ಕೆ ಕೆನ್ನೆಯೇ ಬೇಕೆಂದಿಲ್ಲ, ಸಾಮಾನ್ಯ ವೆಬ್‌ಕ್ಯಾಮ್ ಗುರುತಿಸುವ ಮುಖದ ಒಂದು ಚಲನೆ ಸಾಕು.