ಸಿಂಕಿನಲ್ಲಿ ಬೆಳಗಿದ ನೀಲಿ

ಗಾಜಿನ ತೊಟ್ಟಿಯಲ್ಲಿ ಬಿಟ್ಟರೆ ನೀರೆಲ್ಲಿ, ಪ್ರಾಣಿ ಎಲ್ಲಿ ಎಂದು ಹುಡುಕಬೇಕು, ಅಷ್ಟು ತಿಳಿಯಾದ ಮೈ. ಕತ್ತಲಲ್ಲಿ ಮೆಲ್ಲನೆ ತಟ್ಟಿದರೆ ಮಾತ್ರ ಅದರ ಕೊಡೆಯಂಥ ದೇಹದ ಅಂಚಿನಲ್ಲಿ ಹಸಿರು ಉಂಗುರವೊಂದು ಮಿನುಗುತ್ತದೆ. ಅಂಗೈಯಗಲದ ಈ ಲೋಳೆಮೀನಿನ ಹೆಸರು ಎಕ್ವೋರಿಯಾ ವಿಕ್ಟೋರಿಯಾ. ವಾಸ ಉತ್ತರ ಅಮೆರಿಕದ ಪಶ್ಚಿಮ ಕರಾವಳಿ.

1961ರ ಬೇಸಿಗೆಯಲ್ಲಿ ಜಪಾನಿನ ರಸಾಯನ ವಿಜ್ಞಾನಿ ಒಸಾಮು ಶಿಮೊಮುರಾ, ಪ್ರಿನ್ಸ್‌ಟನ್ನಿನ ಫ್ರಾಂಕ್ ಜಾನ್ಸನ್ ಜತೆ ವಾಷಿಂಗ್ಟನ್ ರಾಜ್ಯದ ಫ್ರೈಡೇ ಹಾರ್ಬರಿಗೆ ಹೋದದ್ದು ಈ ಬೆಳಕಿನ ಮೂಲ ಹುಡುಕಲು. ಬಲೆ ಹಾಕಿ ಲೋಳೆಮೀನು ಹಿಡಿಯುವುದು, ಕತ್ತರಿಯಿಂದ ಹೊಳೆಯುವ ಅಂಚನ್ನಷ್ಟೇ ಕತ್ತರಿಸುವುದು, ಬಟ್ಟೆಯಲ್ಲಿ ಹಿಂಡಿ ರಸ ತೆಗೆಯುವುದು. ರಸವೇನೋ ಬೆಳಗುತ್ತಿತ್ತು, ಆದರೆ ಬೇರ್ಪಡಿಸುವಷ್ಟರಲ್ಲಿ ಬೆಳಕೆಲ್ಲ ಖರ್ಚಾಗಿಬಿಡುತ್ತಿತ್ತು. ಶಿಮೊಮುರಾ ದೋಣಿಯಲ್ಲಿ ಒಬ್ಬರೇ ಕೂತು ದಿನಗಟ್ಟಲೆ ಯೋಚಿಸಿದರು. ಬೆಳಗುವುದು ಪ್ರೋಟೀನೇ ಆಗಿದ್ದರೆ ಹುಳಿ ಬೆರೆಸಿ ಅದನ್ನು ತಾತ್ಕಾಲಿಕವಾಗಿ ಮಲಗಿಸಬಹುದಲ್ಲ? ಹಾಗೇ ಮಾಡಿದರು. ರಸದ ಬೆಳಕು ಆರಿತು. ಸೋಸಿ, ಸೋಡಾ ಹಾಕಿ ಹುಳಿ ಮುರಿದಾಗ ಮತ್ತೆ ಮಂದವಾಗಿ ಬೆಳಗಿತು.

ಕೆಲಸ ಮುಗಿಸಿ ಉಳಿದ ರಸವನ್ನು ಸಿಂಕಿಗೆ ಚೆಲ್ಲಿದರು. ಇಡೀ ಸಿಂಕು ನೀಲಿಯಾಗಿ ಝಗ್ಗನೆ ಬೆಳಗಿತು! ಮೀನಿನ ತೊಟ್ಟಿಯಿಂದ ತುಂಬಿ ಹರಿದ ಸಮುದ್ರದ ನೀರು ಅದೇ ಸಿಂಕಿಗೆ ಬೀಳುತ್ತಿತ್ತು. ಆ ನೀರಿನಲ್ಲಿದ್ದ ಕ್ಯಾಲ್ಸಿಯಂ ಪ್ರೋಟೀನನ್ನು ಎಬ್ಬಿಸಿತ್ತು. ಸುಮಾರು 10,000 ಲೋಳೆಮೀನುಗಳಿಂದ ಆ ವರ್ಷ ಸಿಕ್ಕ ಶುದ್ಧ ಪ್ರೋಟೀನು ಕೆಲವೇ ಮಿಲಿಗ್ರಾಂ. ಅದಕ್ಕೆ ಎಕ್ವೋರಿನ್ ಎಂದು ಹೆಸರಿಟ್ಟರು. ಸ್ನಾಯು ಸಂಕುಚಿಸುವ ಮುಂಚೆ ಅದರ ಜೀವಕೋಶದೊಳಗೆ ಕ್ಯಾಲ್ಸಿಯಂ ಏರುವುದನ್ನು ಕಣ್ಣಾರೆ ತೋರಿಸಿದ್ದು ಈ ಎಕ್ವೋರಿನ್ನೇ.

ಸಿಂಕಿನ ಬೆಳಕು ನೀಲಿ, ಲೋಳೆಮೀನಿನದು ಹಸಿರು. ಏಕೆಂದರೆ ಅದರ ದೇಹದಲ್ಲಿ ಇನ್ನೊಂದು ಪ್ರೋಟೀನು ಪಕ್ಕದಲ್ಲೇ ಕೂತು ಎಕ್ವೋರಿನ್ನಿನ ನೀಲಿಯನ್ನು ಹೀರಿ ಹಸಿರಾಗಿ ಹೊರಬಿಡುತ್ತದೆ. 1962ರ ಪ್ರಬಂಧದಲ್ಲಿ ಈ ಪ್ರೋಟೀನಿಗೆ ಸಿಕ್ಕ ಜಾಗ ಒಂದು ಅಡಿಟಿಪ್ಪಣಿ. ಇಂದು ಜಗತ್ತೇ ಬಲ್ಲ ಗ್ರೀನ್ ಫ್ಲೋರೆಸೆಂಟ್ ಪ್ರೋಟೀನ್ ಅಥವಾ ಜಿಎಫ್‌ಪಿ ಇದೇ.

ಇದರ ರಚನೆ ನನಗೆ ಇವತ್ತಿಗೂ ಬೆರಗು. 238 ಅಮೈನೋ ಆಮ್ಲಗಳ ಸರ, ಪೀಪಾಯಿಯ ಆಕಾರದಲ್ಲಿ ಮಡಚಿಕೊಂಡಿದೆ. ಪೀಪಾಯಿಯ ನಡುವೆ ಸರದ ಮೂರು ಮಣಿಗಳು ತಾವಾಗಿಯೇ ಬೆಸೆದುಕೊಂಡು ಬಣ್ಣದ ಕೇಂದ್ರವಾಗುತ್ತವೆ. ಆಮ್ಲಜನಕ ಬಿಟ್ಟರೆ ಬೇರಾವ ಸಹಾಯಕ ವಸ್ತುವೂ ಬೇಡ. ಆದ್ದರಿಂದಲೇ ಇದರ ಜೀನನ್ನು ಯಾವುದೇ ಪ್ರಾಣಿಯ ಜೀನಿಗೆ ಅಂಟಿಸಿದರೆ, ಆ ಜೀನು ತಯಾರಿಸುವ ಪ್ರೋಟೀನು ಎಲ್ಲೆಲ್ಲಿ ಓಡಾಡುತ್ತದೋ ಅಲ್ಲೆಲ್ಲ ಹಸಿರು ದೀಪ ಹಿಡಿದು ಹೋಗುತ್ತದೆ. ನೀಲಿ ಬೆಳಕು ಬೀರಿ ಸೂಕ್ಷ್ಮದರ್ಶಕದಲ್ಲಿ ನೋಡಿದರಾಯಿತು. ಜೀವಕೋಶವನ್ನು ಕೊಲ್ಲಬೇಕಿಲ್ಲ.

ಆ ಜೀನನ್ನು 1992ರಲ್ಲಿ ಪ್ರತ್ಯೇಕಿಸಿದವರು ಡಗ್ಲಸ್ ಪ್ರಾಷರ್. ಸಂಶೋಧನೆಗೆ ಹಣ ನಿಂತಾಗ ಅವರು ಅದನ್ನು ಕೇಳಿದವರಿಗೆ ಕೊಟ್ಟರು. ಮಾರ್ಟಿನ್ ಚಾಲ್ಫಿ 1994ರಲ್ಲಿ ಒಂದು ಪುಟ್ಟ ಹುಳುವಿನ ನರಕೋಶಗಳನ್ನು ಹಸಿರಾಗಿ ಬೆಳಗಿಸಿದರು. ರೋಜರ್ ಚೆನ್ ಅದನ್ನೇ ತಿದ್ದಿ ನೀಲಿ, ಹಳದಿ ಬಣ್ಣಗಳನ್ನೂ ಪಡೆದರು. ಕ್ಯಾನ್ಸರ್ ಕೋಶ ಹರಡುವ ದಾರಿ, ಭ್ರೂಣದಲ್ಲಿ ನರ ಚಿಗುರುವ ಬಗೆ ಎಲ್ಲವೂ ಕಣ್ಣಿಗೆ ಕಂಡವು. 2008ರ ರಸಾಯನ ವಿಜ್ಞಾನ ನೊಬೆಲ್ ಶಿಮೊಮುರಾ, ಚಾಲ್ಫಿ, ಚೆನ್ ಮೂವರಿಗೆ ಬಂತು. ಪ್ರಾಷರ್‌ಗೆ ಬರಲಿಲ್ಲ. ಈ ಕಥೆ ಹೇಳುವವರು ಅವರ ಹೆಸರನ್ನು ಬಿಡಬಾರದು.

ಬೆಂಗಳೂರಿನ ಪ್ರಯೋಗಾಲಯಗಳಲ್ಲೂ ಜಿಎಫ್‌ಪಿ ಈಗ ದಿನನಿತ್ಯದ ಸಾಮಗ್ರಿ. ಬ್ಯಾಕ್ಟೀರಿಯಾಗಳೇ ಅದನ್ನು ತಯಾರಿಸಿಕೊಡುವುದರಿಂದ ಯಾರೂ ಲೋಳೆಮೀನು ಹಿಡಿಯಬೇಕಿಲ್ಲ. ಹಿಡಿಯಹೊರಟರೂ ಸಿಗುವುದು ಕಷ್ಟ. 1990ರ ನಂತರ ಫ್ರೈಡೇ ಹಾರ್ಬರಿನಲ್ಲಿ ಅವುಗಳ ಸಂಖ್ಯೆ ತೀರಾ ಕುಸಿಯಿತು.